ನಂದಿಯ ತಪ್ಪಲಿನ ದ್ರಾಕ್ಷಾತೋಟಗಳಲ್ಲಿ ಒಂದು ದಿನ

ಬೆಂಗಳೂರಿನ ಉತ್ತರಕ್ಕೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಸೀಮೆಗಳಲ್ಲಿ ದ್ರಾಕ್ಷಿಯ ಬೇಸಾಯವು ಬಹುಕಾಲದಿಂದ ನಡೆದುಬಂದಿರುವುದು ಎಲ್ಲರೂ ಬಲ್ಲ ವಿಷಯವಾಗಿದೆ. ಕಲ್ಲುಕಂಬಗಳ ಮೇಲೆ ತಂತಿಯ ಚಪ್ಪರ, ಅದರ ತುಂಬ ಹಬ್ಬಿದ ಬಳ್ಳಿ, ಕೆಳಗೆ ಜೋಲುವ ಕಡುನೀಲಿಯ ಗೊಂಚಲು, ಇವು ಆ ಸೀಮೆಯ ರಸ್ತೆಗಳಲ್ಲಿ ಓಡಾಡುವವರಿಗೆ ಚಿರಪರಿಚಿತವಾದ ನೋಟ. ಆದರೆ ಅದೇ ನಂದಿದುರ್ಗದ ನೆರಳಿನಲ್ಲಿ ಕೆಲವು ದಶಕಗಳಿಂದ ಬೇರೊಂದು ಬಗೆಯ ದ್ರಾಕ್ಷಿಯೂ ಬೆಳೆಯುತ್ತಿದೆಯೆಂಬುದನ್ನೂ, ಅದು ಸಂತೆಗಾಗಲಿ ಹಣ್ಣಿನ ಮಂಡಿಗಾಗಲಿ ಹೋಗದೆ ನೆಟ್ಟಗೆ ವೈನಿನ ಕಾರ್ಖಾನೆಯನ್ನು ಸೇರುತ್ತದೆಂಬುದನ್ನೂ ಪಕ್ಕದ ಹಳ್ಳಿಯವರಲ್ಲಿಯೇ ಅನೇಕರು ಕಣ್ಣಾರೆ ಕಂಡಿಲ್ಲ. ಪಟ್ಟಣದ ಜನರು ಮಾತ್ರ ಭಾನುವಾರ ಬಂತೆಂದರೆ ಮೋಟಾರುಗಳಲ್ಲಿ ಬಂದು, ಮಾರ್ಗದರ್ಶಕರೊಡನೆ ತೋಟವನ್ನು ಸುತ್ತಿ, ನೆಲಮನೆಯನ್ನು ನೋಡಿ, ಊಟಮಾಡಿಕೊಂಡು ಸಂಜೆಗೆ ಹಿಂದಿರುಗುತ್ತಾರೆ. ಪಟ್ಟಣಿಗರಿಗೆ ವಿನೋದವಾಗಿರುವ ಈ ಪ್ರವಾಸದಿಂದ ಬೇಸಾಯಗಾರನು ಕಲಿಯತಕ್ಕದ್ದು ಎಷ್ಟೋ ಇದೆ.

ಫೆಬ್ರವರಿ ತಿಂಗಳ ಒಂದು ಬೆಳಗ್ಗೆ ಇಪ್ಪತ್ತುಮಂದಿ ದ್ರಾಕ್ಷಿ ಬೆಳೆಗಾರರ ತಂಡವೊಂದು ಅಂಥ ಪ್ರವಾಸಕ್ಕೆ ಹೊರಟಿತು. ತಂಡದಲ್ಲಿ ಒಬ್ಬ ವೃದ್ಧ ಗೌಡರೂ ಅವರ ಮಗನೂ ಇದ್ದರು. ಗೌಡರಿಗೆ ಎರಡು ಎಕರೆ ಬೆಂಗಳೂರು ನೀಲಿಯ ತೋಟವಿದೆ. ಅರ್ಧ ಎಕರೆಯ ಬಳ್ಳಿಗಳು ಮುದಿಯಾಗಿವೆ. ಕೊಳವೆಬಾವಿಯ ನೀರು ವರ್ಷೇ ವರ್ಷೇ ಕೆಳಗಿಳಿಯುತ್ತಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಹೊಲಗಳನ್ನು ನಿವೇಶನಗಳಾಗಿ ಹಂಚುವವರು ಮನೆಬಾಗಿಲಿಗೆ ಬಂದುಹೋಗುತ್ತಲೇ ಇದ್ದಾರೆ. ಭೂಮಿಯನ್ನು ಮಾರುವುದು ತಂದೆಗೂ ಬೇಡ, ಮಗನಿಗೂ ಬೇಡ. ಆದರೆ ಮುದಿಬಳ್ಳಿ ಕಿತ್ತ ಜಾಗದಲ್ಲಿ ಏನನ್ನಿಡಬೇಕೆಂಬುದರಲ್ಲಿ ಇಬ್ಬರಿಗೂ ಒಮ್ಮತವಿಲ್ಲ. ವೈನಿನ ದ್ರಾಕ್ಷಿಯನ್ನು ಕಾರ್ಖಾನೆಯ ಕರಾರಿನಂತೆ ಬೆಳೆಯಬೇಕೆಂಬುದು ಮಗನ ಮತ. ಕುಡುಕರ ಬೆಳೆ ನಮಗೇತಕ್ಕೆ ಎಂಬುದು ತಂದೆಯದು.

ಈ ಸೀಮೆಯ ಗುಣವನ್ನು ಕುರಿತು ಎರಡು ಮಾತು. ನಂದಿಬೆಟ್ಟವು ಸಮುದ್ರಮಟ್ಟಕ್ಕಿಂತ 1,478 ಮೀಟರು ಎತ್ತರದಲ್ಲಿದೆ. ತಪ್ಪಲಿನ ಹೊಲಗಳೂ ಸುಮಾರು 900 ಮೀಟರು, ಅಂದರೆ ಮೂರು ಸಾವಿರ ಅಡಿಯ ಸುಮಾರಿನಲ್ಲಿವೆ. ಹಗಲಿನ ಬಿಸಿಲು ಚುರುಕಾಗಿದ್ದರೂ ರಾತ್ರಿ ತಂಪೇರುತ್ತದೆ. ಈ ತಂಪಿನಿಂದ ಹಣ್ಣಿನ ಹುಳಿ ಬೇಗನೆ ಕರಗಿಹೋಗದೆ ಸಕ್ಕರೆಯೊಡನೆ ಸಮವಾಗಿ ನಿಲ್ಲುವುದು. ಜಲ್ಲಿ ಬೆರೆತ ಕೆಂಪುಮಣ್ಣು ಬೇರಿನ ಬಳಿ ನೀರು ನಿಲ್ಲಗೊಡುವುದಿಲ್ಲ. ಈ ಅನುಕೂಲಗಳನ್ನು ಮೊದಲು ಕಂಡುಕೊಂಡು ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟವನ್ನು ಹಾಕಿದವರು ಕನ್ವಲ್ ಗ್ರೋವರ್ ಎಂಬ ಉದ್ಯಮಿಗಳು. ಅವರಿಗೆ ಫ್ರಾನ್ಸಿನ ಷಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಎಂಬ ತಜ್ಞರು ನೆರವಾದರು. 1988ರಲ್ಲಿ ಸಂಸ್ಥೆ ಸ್ಥಾಪನೆಯಾಗಿ 1992ರಲ್ಲಿ ಮೊದಲ ವೈನು ಹೊರಬಂದಿತು. 2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ನಂದಿಯ ಕಣಿವೆಯಲ್ಲಿಯೂ, ಉತ್ತರದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳನ್ನೊಳಗೊಂಡ ಕೃಷ್ಣಾ ಕಣಿವೆಯಲ್ಲಿಯೂ ಈ ಉದ್ಯಮಕ್ಕೆ ಉತ್ತೇಜನ ದೊರೆಯಿತು.

ತೋಟದ ಬಾಗಿಲಲ್ಲಿ ತಂಡವನ್ನು ಎದುರುಗೊಂಡವಳು ತೋಟಗಾರಿಕೆಯಲ್ಲಿ ಪದವಿ ಪಡೆದ ತರುಣಿ. ಪಟ್ಟಣದ ಪ್ರವಾಸಿಗಳಿಗೆ ಹೇಳುವ ಪಾಠವನ್ನು ಬದಿಗಿಟ್ಟು, ಬಂದವರು ಬೆಳೆಗಾರರೆಂದರಿತು, ಆಕೆ ನೇರವಾಗಿ ಸಾಲಿನೊಳಕ್ಕೆ ಕರೆದೊಯ್ದಳು. ಇಲ್ಲಿ ಚಪ್ಪರವಿಲ್ಲ. ಕಂಬದಿಂದ ಕಂಬಕ್ಕೆ ಎಳೆದ ತಂತಿಗಳ ನಡುವೆ ಬಳ್ಳಿಯ ಕುಡಿಗಳನ್ನು ಬೇಲಿಯಂತೆ ಮೇಲ್ಮುಖವಾಗಿ ನಿಲ್ಲಿಸಿದ್ದಾರೆ. ಗೊಂಚಲುಗಳು ಮೊಣಕಾಲಿನಿಂದ ಸೊಂಟದವರೆಗಿನ ಎತ್ತರದಲ್ಲಿ ಒಂದೇ ಪಟ್ಟಿಯಾಗಿ ತೂಗುತ್ತವೆ. ಸಾಲಿಗೂ ಸಾಲಿಗೂ 8 ಅಡಿ, ಬಳ್ಳಿಗೂ ಬಳ್ಳಿಗೂ 4 ಅಡಿ ಅಂತರವಿಟ್ಟರೆ ಎಕರೆಗೆ ಸುಮಾರು 1,360 ಬಳ್ಳಿಗಳು ಹಿಡಿಯುತ್ತವೆ. ಗಾಳಿಯೂ ಬಿಸಿಲೂ ಗೊಂಚಲಿನವರೆಗೆ ಆಡುವುದರಿಂದ ಬೂದಿರೋಗ, ಬೂಜುತುಪ್ಪಟ ರೋಗಗಳ ಉಪದ್ರವ ಕಡಮೆಯಾಗುವುದಲ್ಲದೆ ಔಷಧವೂ ಎಲ್ಲ ಕಡೆಗೂ ತಗಲುತ್ತದೆ.

ಗೌಡರು ಒಂದು ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿದರು. ಅದು ಕ್ಯಾಬರ್ನೆ ಸಾವಿನ್ಯೋನ್ ಎಂಬ ತಳಿ. ಗೊಂಚಲು ಅಂಗೈಯಗಲ, ಹಣ್ಣು ಕಡಲೆಗಿಂತ ತುಸು ದಪ್ಪ.

“ಇಷ್ಟು ಸಣ್ಣ ಹಣ್ಣನ್ನು ಸಂತೆಯಲ್ಲಿ ಯಾರು ಕೇಳುತ್ತಾರಮ್ಮ?” ಎಂದರು.

“ಬಾಯಿಗೆ ಹಾಕಿಕೊಂಡು ನೋಡಿ, ತಾತ,” ಎಂದಳು ತರುಣಿ.

ಗೌಡರು ಜಗಿದರು. ಸಿಪ್ಪೆ ದಪ್ಪ, ತಿರುಳು ಸ್ವಲ್ಪ, ಬೀಜವೇ ಹೆಚ್ಚು. ಆದರೆ ಸಿಹಿ ಮಾತ್ರ ಅವರ ತೋಟದ ಹಣ್ಣನ್ನು ಮೀರಿಸಿತ್ತು. ತರುಣಿಯು ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಒಂದು ತೊಟ್ಟು ರಸವನ್ನು ಹಿಂಡಿ ಗೌಡರ ಕಣ್ಣಿಗೆ ಹಿಡಿದಳು. ಗೆರೆಯು 22ರ ಮೇಲಿತ್ತು. ಬೆಂಗಳೂರು ನೀಲಿಯು ಸಾಮಾನ್ಯವಾಗಿ 16ರಿಂದ 18ರೊಳಗೆ ನಿಲ್ಲುವುದು. ಒಂದು ಲೀಟರು ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯು ಹುದುಗಿದರೆ ನೂರಕ್ಕೆ ಒಂದರಷ್ಟು ಮದ್ಯಸಾರ ಹುಟ್ಟುತ್ತದೆ. ಆದಕಾರಣ 22 ಬ್ರಿಕ್ಸಿನ ರಸವು ಹೊರಗಿನ ಸಕ್ಕರೆಯ ಹಂಗಿಲ್ಲದೆಯೇ ನೂರಕ್ಕೆ ಹದಿಮೂರರ ಆಸುಪಾಸಿನ ವೈನಾಗುವುದು. ಹಣ್ಣು ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪ್ರಮಾಣ ಹೆಚ್ಚು. ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿ. ಸಂತೆಯಲ್ಲಿ ಕುಂದಾಗಿ ಕಾಣುವುದೇ ಕಾರ್ಖಾನೆಯಲ್ಲಿ ಗುಣವೆನಿಸುತ್ತದೆ.

ನಮ್ಮ ಬೆಂಗಳೂರು ನೀಲಿಯ ವಂಶವೃತ್ತಾಂತವೂ ಸ್ವಾರಸ್ಯವಾದುದು. ಅದು ಯೂರೋಪಿನ ದ್ರಾಕ್ಷಿಯಲ್ಲ. ಅಮೆರಿಕದ ಕಾಡುದ್ರಾಕ್ಷಿಯ ರಕ್ತವುಳ್ಳ ಇಸಬೆಲ್ಲ ಎಂಬ ತಳಿಯೆಂದು ತಿಳಿದವರು ಹೇಳುತ್ತಾರೆ. ಹಣ್ಣಿನ ಬುಟ್ಟಿಯನ್ನು ಮುಚ್ಚಿಟ್ಟರೂ ಮನೆಯೆಲ್ಲ ತುಂಬುವ ಆ ಘಮಲು ಅಮೆರಿಕದ ಬಳುವಳಿಯೇ. ಇದೇ ವಾಸನೆಯು ವೈನಿನಲ್ಲಿ ಬಂದರೆ ಪಾಶ್ಚಾತ್ಯರು ಮೂಗು ಮುರಿಯುತ್ತಾರೆ. ಫ್ರಾನ್ಸ್ ದೇಶವು 1934ರಲ್ಲಿ ವೈನಿಗಾಗಿ ನಿಷೇಧಿಸಿದ ಆರು ತಳಿಗಳಲ್ಲಿ ಇಸಬೆಲ್ಲವೂ ಒಂದು. ನಮ್ಮಲ್ಲಿಯಾದರೋ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಒಂದು ದೇಶದಲ್ಲಿ ಹೊರಗಟ್ಟಿದ ಬಳ್ಳಿ ಇನ್ನೊಂದರಲ್ಲಿ ಊರಿನ ಹೆಸರನ್ನೇ ಹೊತ್ತು ಬಾಳುತ್ತಿದೆ! ಸಿಹಿವೈನು ಮಾಡುವ ನಮ್ಮ ಕಾರ್ಖಾನೆಗಳು ಇದನ್ನು ಕೊಳ್ಳುವುದುಂಟು. ಚಿಬ್ಬುರೋಗಕ್ಕೆ ಅಷ್ಟಾಗಿ ಜಗ್ಗದೆ, ವರ್ಷಕ್ಕೆ ಎರಡು ಫಸಲನ್ನು ಕೊಡುವ ಇದರ ಗುಣವನ್ನು ಯಾವ ಫ್ರೆಂಚ್ ಬಳ್ಳಿಯಲ್ಲಿಯೂ ಕಾಣಲಾಗದು.

ಬಳ್ಳಿಯನ್ನು ಸವರುವ ಕ್ರಮದ ವಿಚಾರ ಬಂದಾಗ ಮಾತು ಬಹಳ ಹೊತ್ತು ನಡೆಯಿತು. ಶೀತದೇಶಗಳಲ್ಲಿ ಚಳಿಗಾಲ ಬಂದೊಡನೆ ಬಳ್ಳಿಯು ಎಲೆಯುದುರಿಸಿ ನಿದ್ರಿಸುತ್ತದೆ. ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಬಿಟ್ಟರೆ ಹನ್ನೆರಡು ತಿಂಗಳೂ ಕುಡಿಯೊಡೆಯುತ್ತಲೇ ಇರುತ್ತದೆ. ಆದುದರಿಂದ ಕತ್ತರಿಯೇ ಅದರ ಪಾಲಿಗೆ ಚಳಿಗಾಲ. ವೈನಿನ ದ್ರಾಕ್ಷಿಯನ್ನು ಬೇಸಗೆಯ ಆದಿಯಲ್ಲಿ ಒಮ್ಮೆ ಬುಡದವರೆಗೆ ಸವರಿ ಹೊಸ ಕಡ್ಡಿಗಳನ್ನು ಎಬ್ಬಿಸುತ್ತಾರೆ. ಆ ಕಡ್ಡಿಗಳ ಕಣ್ಣುಗಳಲ್ಲಿ ಮುಂದಿನ ಹೂಗೊಂಚಲು ಗುಪ್ತವಾಗಿ ರೂಪುಗೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಎರಡನೆಯ ಸಲ ಸವರಿದಾಗ ಹಣ್ಣಿನ ಕುಡಿಗಳು ಹೊರಡುತ್ತವೆ. ಬೇಸಗೆಯ ಹೊಸ್ತಿಲಿನಲ್ಲಿ ಕೊಯ್ಲು. ಎರಡು ಸಲ ಕತ್ತರಿಯಿಟ್ಟರೂ ಫಸಲು ಮಾತ್ರ ಒಂದೇ. ಅದೂ ಎಕರೆಗೆ ನಾಲ್ಕೈದು ಟನ್ನು ಮೀರದಂತೆ ಹೆಚ್ಚಿನ ಗೊಂಚಲುಗಳನ್ನು ಎಳೆಯದರಲ್ಲಿಯೇ ಕಿತ್ತೊಗೆಯುತ್ತಾರೆಂದು ಕೇಳಿ ತಂಡದವರು ಬೆರಗಾದರು. ಬೆಂಗಳೂರು ನೀಲಿಯಲ್ಲಿ ಹತ್ತು ಟನ್ನನ್ನು ಮೀರಿ ತೆಗೆಯುವವನಿಗೆ ಕಾಯನ್ನು ಕೈಯಾರೆ ಕಿತ್ತೆಸೆಯುವುದು ಪಾಪವೆಂದೇ ತೋರುವುದು ಸಹಜ.

ಅಕ್ಟೋಬರಿನಲ್ಲಿ ಕುಡಿಯೊಡೆದಾಗ ಹಿಂಗಾರು ಹಿಡಿದರೆ ಬೂಜುತುಪ್ಪಟ ರೋಗವು ಮೂರು ದಿನದಲ್ಲಿ ತೋಟವನ್ನು ನುಂಗಬಲ್ಲುದು. ಇದಕ್ಕೆ ಮೊದಲ ಮದ್ದು ಬೋರ್ಡೋ ದ್ರಾವಣ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೋರ್ಡೋ ಎಂಬುದು ಫ್ರಾನ್ಸಿನ ಹೆಸರಾಂತ ವೈನ್ ಸೀಮೆಯೆಂಬುದು ಅದನ್ನು ನಿತ್ಯವೂ ಬಳಸುವವರಲ್ಲಿಯೇ ಹಲವರಿಗೆ ತಿಳಿಯದು. ಅಲ್ಲಿನ ರೈತರು ದಾರಿಹೋಕರು ಹಣ್ಣು ಕದಿಯದಂತೆ ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳನ್ನು ಎರಚುತ್ತಿದ್ದರು. ಒಳಗಿನ ಸಾಲುಗಳು ರೋಗದಿಂದ ಬೋಳಾದರೂ ಆ ರಸ್ತೆಬದಿಯ ಬಳ್ಳಿಗಳು ಮಾತ್ರ ಹಸುರಾಗಿದ್ದುದನ್ನು 1882ರಲ್ಲಿ ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ಗಮನಿಸಿದನು. ಮೂರು ವರ್ಷ ಪರೀಕ್ಷಿಸಿ 1885ರಲ್ಲಿ ಜಗತ್ತಿಗೆ ತಿಳಿಸಿದನು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ನರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇದೇ ದ್ರಾವಣವನ್ನು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬಳಸಿ ಜಯಶೀಲರಾದರು. ಕಳ್ಳರ ಭಯಕ್ಕೆ ಹುಟ್ಟಿದ ಉಪಾಯವೊಂದು ತೀರ್ಥಹಳ್ಳಿ, ಸಾಗರಗಳ ತೋಟಗಳವರೆಗೆ ನಡೆದುಬಂದ ದಾರಿ ಇದು.

ಬೇರಿನ ವಿಷಯವೂ ಹೀಗೆಯೆ. 1860ರ ದಶಕದಲ್ಲಿ ಅಮೆರಿಕದಿಂದ ಹೋದ ಫಿಲಾಕ್ಸೆರ ಎಂಬ ಸಣ್ಣ ಕೀಟವು ಫ್ರಾನ್ಸಿನ ತೋಟಗಳ ಬೇರನ್ನು ಹೀರಿ ಹಾಳುಗೆಡವಿತು. ಅಮೆರಿಕದ ಕಾಡುಬಳ್ಳಿಯ ಬೇರಿಗೆ ತಮ್ಮ ತಳಿಗಳನ್ನು ಕಸಿಕಟ್ಟಿಯೇ ಫ್ರೆಂಚರು ಉಳಿದುಕೊಂಡರು. ನಮ್ಮಲ್ಲಿ ಆ ಕೀಟದ ಕಾಟಕ್ಕಲ್ಲ, ಬರ ಮತ್ತು ಚೌಳಿಗೆ ಅಂಜಿ ಡಾಗ್‌ರಿಜ್ ಮೊದಲಾದ ಬೇರುಸಸಿಗಳ ಮೇಲೆ ಕಸಿಕಟ್ಟುತ್ತಾರೆ.

ನೀರಿನ ಲೆಕ್ಕವನ್ನು ಕೇಳಿದಾಗ ಗೌಡರ ಮಗನ ಮುಖ ಅರಳಿತು. ವೈನಿನ ಬಳ್ಳಿಗೆ ಹನಿ ನೀರಾವರಿಯೇ ಸಾಕು. ಹಣ್ಣು ಬಣ್ಣ ತಿರುಗುವ ಹೊತ್ತಿನಲ್ಲಿ ನೀರನ್ನು ಬಿಗಿಹಿಡಿದರೆ ಗುಣವು ಹೆಚ್ಚುತ್ತದೆ. ಸಾವಿರ ಅಡಿ ಕೊರೆದರೂ ಧೂಳೇ ಬರುವ ಈ ಸೀಮೆಯಲ್ಲಿ ಬಾಯಾರಿಕೆಯನ್ನು ತಾಳುವ ಬೆಳೆಗೆ ಬೆಲೆಯುಂಟೆಂಬುದನ್ನು ತಂದೆಯೂ ಅಲ್ಲಗಳೆಯಲಿಲ್ಲ.

ಹತ್ತೂವರೆಯ ಹೊತ್ತಿಗೆ ತಂಡವು ಕಾರ್ಖಾನೆಯನ್ನು ಹೊಕ್ಕಿತು. ಬೆಳಗಿನ ತಂಪಿನಲ್ಲಿ ಕೊಯ್ದ ಗೊಂಚಲುಗಳನ್ನು ಒಂದು ಯಂತ್ರವು ತೊಟ್ಟಿನಿಂದ ಬಿಡಿಸಿ ನಸುವಾಗಿ ಒಡೆಯುತ್ತಿತ್ತು. ಬಿಳಿಯ ವೈನಿಗೆ ರಸವನ್ನು ಕೂಡಲೆ ಹಿಂಡಿ ಸಿಪ್ಪೆಯಿಂದ ಬೇರ್ಪಡಿಸಿ, 12ರಿಂದ 18 ಡಿಗ್ರಿ ಉಷ್ಣಮಾನದಲ್ಲಿ ಮೆಲ್ಲನೆ ಹುದುಗಿಸುತ್ತಾರೆ. ಕೆಂಪು ವೈನಿಗೆ ಸಿಪ್ಪೆ ಬೀಜಗಳೊಡನೆಯೇ 25ರಿಂದ 30 ಡಿಗ್ರಿಯಲ್ಲಿ ಹುದುಗಿಸುವುದು ಕ್ರಮ. ಸಿಪ್ಪೆಯು ಉಬ್ಬಿ ಮೇಲೇರಿ ಗಟ್ಟಿಯಾದ ಕೆನೆಯಂತೆ ನಿಲ್ಲುವುದರಿಂದ ತಳದ ರಸವನ್ನು ಪಂಪಿನಿಂದ ಎತ್ತಿ ಅದರ ಮೇಲೆ ದಿನಕ್ಕೆ ಹಲವು ಸಲ ಸುರಿಯುತ್ತಾರೆ. ತುಕ್ಕುಹಿಡಿಯದ ಉಕ್ಕಿನ ಆ ಎತ್ತರದ ತೊಟ್ಟಿಗಳೊಳಗೆ ಯಾರೂ ಇಣುಕಕೂಡದೆಂದು ತರುಣಿಯು ಎರಡು ಸಲ ಎಚ್ಚರಿಸಿದಳು. ಹುದುಗುವಾಗ ಹೊರಡುವ ಅಂಗಾರಾಮ್ಲವಾಯುವು ಗಾಳಿಗಿಂತ ಭಾರವಾದ್ದರಿಂದ ತೊಟ್ಟಿಯಲ್ಲಿ ಮಡುಗಟ್ಟಿ ನಿಂತು, ಇಳಿದವನನ್ನು ಕ್ಷಣಮಾತ್ರದಲ್ಲಿ ಕೆಡಹುತ್ತದೆ. ಹಗೇವಿಗೆ ಇಳಿಯುವ ಮುಂಚೆ ದೀಪವನ್ನು ಇಳಿಬಿಟ್ಟು ನೋಡುತ್ತಿದ್ದ ಹಿರಿಯರ ಪದ್ಧತಿಯನ್ನು ಗೌಡರು ಆಗ ನೆನೆದರು. ಅಲ್ಲಿಯೂ ಅದೇ ವಾಯು, ಅದೇ ಅಪಾಯ.

ನೆಲಮನೆಯಲ್ಲಿ ಓಕ್ ಮರದ ಪೀಪಾಯಿಗಳು ಸಾಲಾಗಿ ಮಲಗಿದ್ದವು. ಒಂದೊಂದರಲ್ಲಿ 225 ಲೀಟರು, ಅಂದರೆ ಮುನ್ನೂರು ಸೀಸೆಗಳ ವೈನು. ಒಂದು ಸೀಸೆಗೆ ಒಂದು ಕಿಲೋಗೆ ಮೇಲ್ಪಟ್ಟು ಹಣ್ಣು ಬೇಕು. ರುಚಿ ನೋಡುವ ಕೋಣೆಯಲ್ಲಿ ಐದು ಗಾಜಿನ ಬಟ್ಟಲುಗಳನ್ನು ಇಟ್ಟಿದ್ದರು. ಕುಡಿಯದವರಿಗೆ ದ್ರಾಕ್ಷಿಯ ರಸವಿತ್ತು. ತಂಡದ ಹೆಚ್ಚುಮಂದಿ ಅದನ್ನೇ ತೆಗೆದುಕೊಂಡರು. ಗೌಡರು ಬಟ್ಟಲುಗಳನ್ನು ಮೂಸಿ ಮಾತ್ರ ನೋಡಿ, ನಾಲ್ಕನೆಯದರಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಇದೆಯೆಂದರು. ತರುಣಿಯು ಚಕಿತಳಾದಳು. ಕ್ಯಾಬರ್ನೆ ಹಣ್ಣು ಪೂರ್ಣವಾಗಿ ಮಾಗುವ ಮುಂಚೆ ಕೊಯ್ದರೆ ಬರುವ ವಾಸನೆ ಅದೇ ಆಗಿತ್ತು. ಪಟ್ಟಣದ ಪ್ರವಾಸಿಗಳು ಪುಸ್ತಕ ಓದಿ ಕಲಿಯುವುದನ್ನು ಐವತ್ತು ವರ್ಷ ತರಕಾರಿ ಬೆಳೆದ ಮೂಗು ತಾನಾಗಿಯೇ ಹೇಳಿತು.

ಊಟವಾದ ಮೇಲೆ ಮರದ ನೆರಳಿನಲ್ಲಿ ನಡೆದ ಮಾತುಕತೆಯೇ ಆ ದಿನದ ಸಾರ. ತಂಡದಲ್ಲಿ ಕರಾರಿನ ಮೇಲೆ ಬೇರೊಂದು ಕಾರ್ಖಾನೆಗೆ ಹಣ್ಣು ಬೆಳೆದಿದ್ದ ಒಬ್ಬರಿದ್ದರು. ಮೊದಲೆರಡು ವರ್ಷ ಎಲ್ಲವೂ ಸರಿಯಾಗಿತ್ತು, ಧಾರಣೆ ಮೊದಲೇ ಗೊತ್ತು, ಮಂಡಿಯ ದಲ್ಲಾಳಿಯ ಕಾಟವಿಲ್ಲ. ಮೂರನೆಯ ವರ್ಷ ಹಣ್ಣು 22 ಬ್ರಿಕ್ಸಿಗೆ ಬಂದಾಗ, ತೊಟ್ಟಿಗಳು ತುಂಬಿವೆ, ಹತ್ತು ದಿನ ತಡೆಯಿರಿ ಎಂದು ಕಾರ್ಖಾನೆಯಿಂದ ಹೇಳಿಕಳುಹಿಸಿದರು. ತಡೆದರು. ಹಣ್ಣು ಬಳ್ಳಿಯಲ್ಲಿಯೇ ಸೊರಗಿತು. ಕೊನೆಗೆ ತೂಕಕ್ಕೆ ಹಾಕಿದಾಗ ಹತ್ತರಲ್ಲೊಂದು ಪಾಲು ಕಡಮೆ.

ಈ ಲೆಕ್ಕವನ್ನು ಬೆಳೆಗಾರರು ಚೆನ್ನಾಗಿ ಗ್ರಹಿಸತಕ್ಕದ್ದು. 5,000 ಕಿಲೋ ಹಣ್ಣಿನಲ್ಲಿ 22ರ ಪ್ರಮಾಣದಂತೆ 1,100 ಕಿಲೋ ಸಕ್ಕರೆಯಿದೆಯೆನ್ನೋಣ. ನೀರಾರಿ ತೂಕವು 4,500 ಕಿಲೋಗಿಳಿದರೆ ಅದೇ 1,100 ಕಿಲೋ ಸಕ್ಕರೆಯು 24.4ರ ಬ್ರಿಕ್ಸಾಗಿ ಕಾಣುವುದು. ಕಾರ್ಖಾನೆಗೆ ಒಂದು ಹಿಡಿ ಸಕ್ಕರೆಯೂ ನಷ್ಟವಾಗಲಿಲ್ಲ. ರೈತನಿಗೆ ಮಾತ್ರ 500 ಕಿಲೋವಿನ ಹಣ ಹೋಯಿತು. ತೂಕದ ಮೇಲೆ ಮಾತ್ರ ಧಾರಣೆ ಕಟ್ಟಿದ ಕರಾರಿನಲ್ಲಿ ಅಡಗಿರುವ ತೊಡಕು ಇದು. ಬ್ರಿಕ್ಸು ಏರಿದಂತೆ ಕಿಲೋವಿನ ಬೆಲೆಯೂ ಏರಬೇಕು. ಗೊತ್ತಾದ ಬ್ರಿಕ್ಸಿಗೆ ಹಣ್ಣು ಬಂದ ಇಷ್ಟು ದಿನಗಳೊಳಗೆ ಕೊಯ್ಯಬೇಕೆಂದೂ, ತಡವಾದರೆ ಮೊದಲ ದಿನದ ಅಂದಾಜು ತೂಕಕ್ಕೆ ಹಣ ಕೊಡಬೇಕೆಂದೂ ಕಾಗದದಲ್ಲಿ ಬರೆದಿರಬೇಕು. ಮಳೆಬಿದ್ದು ಹಣ್ಣೊಡೆದರೆ ಯಾರ ಹೊಣೆ, ಹಣ ಎಷ್ಟು ದಿನದೊಳಗೆ, ಸಾಗಣೆಯ ಖರ್ಚು ಯಾರದು, ಇವೂ ಇರಬೇಕು.

“ಬೆಂಗಳೂರು ನೀಲಿಯನ್ನು ಒಬ್ಬ ಬೇಡವೆಂದರೆ ಇನ್ನೊಬ್ಬ ಕೊಳ್ಳುತ್ತಾನೆ. ಈ ಸಣ್ಣ ಹಣ್ಣನ್ನು ನೀವು ಬೇಡವೆಂದರೆ ಹಸುವಿಗೆ ಹಾಕಬೇಕಷ್ಟೆ,” ಎಂದು ಗೌಡರು ತರುಣಿಯ ಕಡೆ ತಿರುಗಿ ಹೇಳಿದರು.

“ನಿಜ, ತಾತ. ಅದನ್ನು ಮುಚ್ಚಿಟ್ಟು ನಾನು ನಿಮಗೆ ಸಸಿ ಕೊಡಿಸುವುದಿಲ್ಲ,” ಎಂದಳು ಆಕೆ.

ಮಗನು ಸುಮ್ಮನಿರಲಿಲ್ಲ. “ನೂರು ಜನ ಕೊಳ್ಳುವವರಿದ್ದರೂ 2020ರಲ್ಲಿ ಏನಾಯಿತಪ್ಪ?” ಎಂದು ಕೇಳಿದನು. ಆ ವರ್ಷದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕೊರೋನಾ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿದಾಗ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ದಿಲ್‌ಖುಷ್, ಬೆಂಗಳೂರು ನೀಲಿ ಎಂಬ ಭೇದವಿಲ್ಲದೆ ಹಣ್ಣು ಬಳ್ಳಿಯಲ್ಲಿ ಕೊಳೆಯಿತು; ಲಾರಿ ಬರಲಿಲ್ಲ, ಮಂಡಿ ತೆರೆಯಲಿಲ್ಲ. ಗೌಡರ ತೋಟದ ಹಣ್ಣೂ ತಿಪ್ಪೆ ಸೇರಿತ್ತು. ಅವರು ಉತ್ತರ ಕೊಡಲಿಲ್ಲ. ಒಬ್ಬನೇ ಗಿರಾಕಿಯನ್ನು ನಂಬುವುದೂ ಅಪಾಯ, ಒಂದೇ ಪೇಟೆಯನ್ನು ನಂಬುವುದೂ ಅಪಾಯವೆಂಬುದು ಅಲ್ಲಿ ಕುಳಿತಿದ್ದ ಎಲ್ಲರ ಅನುಭವವಾಗಿತ್ತು. ಇರುವ ತೋಟವನ್ನೆಲ್ಲ ಕಿತ್ತು ಹೊಸತಳಿಗೆ ಹಾರುವುದು ವಿವೇಕವಲ್ಲ. ಮುದಿಬಳ್ಳಿಯ ಅರ್ಧ ಎಕರೆಯಲ್ಲಿ, ಹಳೆಯ ಕಲ್ಲುಕಂಬಗಳನ್ನೇ ಉಪಯೋಗಿಸಿಕೊಂಡು, ಕರಾರು ಕೈಸೇರಿದ ಮೇಲೆ ಪ್ರಯೋಗಿಸಿ ನೋಡುವುದು ಬೇರೆ ಮಾತು. ಮೊದಲ ಫಸಲಿಗೆ ಎರಡು ಮೂರು ವರ್ಷ ಕಾಯಬೇಕೆಂಬುದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳತಕ್ಕದ್ದು.

ಇಂಥ ಪ್ರವಾಸಕ್ಕೆ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಉತ್ತಮ. ಬೇರೆ ಕಾಲದಲ್ಲಿ ಹೋದರೆ ಬಳ್ಳಿಯನ್ನು ಕಾಣಬಹುದೇ ಹೊರತು ಕೊಯ್ಲನ್ನಾಗಲಿ ಹಿಂಡುವುದನ್ನಾಗಲಿ ಕಾಣಲಾಗದು. ಮುಂಚಿತವಾಗಿ ತಿಳಿಸಿ ಹೋಗುವುದು ಒಳ್ಳೆಯದು; ಭಾನುವಾರದ ಗದ್ದಲದಲ್ಲಿ ಬೇಸಾಯದ ಪ್ರಶ್ನೆಗಳಿಗೆ ಬಿಡುವು ಸಿಕ್ಕುವುದಿಲ್ಲ.

ಸಂಜೆ ಐದರ ಹೊತ್ತಿಗೆ ಬಸ್ಸು ಹೊರಟಿತು. ನಂದಿಯ ಬಂಡೆಯ ಮೇಲೆ ಇಳಿಬಿಸಿಲು ಕೆಂಪಾಗಿತ್ತು. ಮಗನು ಕಾರ್ಖಾನೆಯಿಂದ ತಂದ ಕರಾರಿನ ಮಾದರಿಯನ್ನು ಬಿಚ್ಚಿ ಓದತೊಡಗಿದನು. ಎಂಟು ಪುಟಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಗೌಡರು ಅದನ್ನು ಕೈಗೆ ತೆಗೆದುಕೊಂಡು, ಮುಂದೆ ಹಿಂದೆ ತಿರುವಿ, ಮಡಿಚಿ ಮಗನಿಗೇ ಹಿಂದಿರುಗಿಸಿದರು.

“ಇದನ್ನು ಕನ್ನಡದಲ್ಲಿ ಬರೆಸಿಕೊಂಡು ಬಾ. ಆ ಹತ್ತು ದಿನದ ಮಾತು ಅದರಲ್ಲಿರಲಿ. ಆಮೇಲೆ ಮುದಿಬಳ್ಳಿ ಕೀಳೋಣ.”